ಮುಪ್ಪೂ ಜೀವಸತ್ವಗಳೂ

ಮನೆಯಲ್ಲಿ ಹಿರಿಯರೊಬ್ಬರು ನಡೆಯುವಾಗ ತಡವರಿಸತೊಡಗಿದರೆ, ಪರಿಚಿತರ ಹೆಸರುಗಳನ್ನು ಮರೆಯತೊಡಗಿದರೆ, ಊಟದಲ್ಲಿ ರುಚಿ ಕಾಣದಾದರೆ, ನಮ್ಮ ಬಾಯಿಗೆ ಮೊದಲು ಬರುವ ಮಾತು ಒಂದೇ: ‘ವಯಸ್ಸಾಯಿತಲ್ಲ, ಇನ್ನೇನು!’ ಈ ಮಾತಿನಲ್ಲಿ ಸಮಾಧಾನವುಂಟು, ಕನಿಕರವೂ ಉಂಟು. ಆದರೆ ಒಂದು ಅಪಾಯವೂ ಅದರಲ್ಲಿ ಅಡಗಿದೆ. ಎಲ್ಲವನ್ನೂ ವಯಸ್ಸಿನ ಲೆಕ್ಕಕ್ಕೆ ಬರೆದುಬಿಟ್ಟ ಮೇಲೆ ಬೇರೆ ಕಾರಣವನ್ನು ಹುಡುಕುವ ಗೋಜಿಗೆ ಯಾರೂ ಹೋಗುವುದಿಲ್ಲ. ಇನ್ನೊಂದು ಕಡೆ, ಔಷಧದ ಅಂಗಡಿಯ ಗಾಜಿನ ಬೀರುವಿನಲ್ಲಿ ಬಣ್ಣಬಣ್ಣದ ಜೀವಸತ್ವದ ಸೀಸೆಗಳು ಸಾಲಾಗಿ ನಿಂತು, ಹೋದ ಯೌವನವನ್ನು ಮರಳಿ ತರುವ ಭರವಸೆಯನ್ನು ನೀಡುತ್ತಿರುತ್ತವೆ.

ಒಂದು ಕಡೆ ಏನೂ ಮಾಡಲಾಗದೆಂಬ ನಿರಾಶೆ, ಮತ್ತೊಂದು ಕಡೆ ಏನನ್ನಾದರೂ ಮಾಡಬಹುದೆಂಬ ಪ್ರಲೋಭನೆ. ಇವೆರಡರ ನಡುವೆ ನಿಜವು ಎಲ್ಲಿ ನಿಂತಿದೆ? ನಾವು ಉಣ್ಣುವ ಅನ್ನದಲ್ಲಿನ ಜೀವಸತ್ವಗಳಿಗೂ ನಮ್ಮ ದೇಹ ಮುದಿಯಾಗುವ ವೇಗಕ್ಕೂ ಏನಾದರೂ ಸಂಬಂಧವಿದೆಯೆ? ಈ ಪ್ರಶ್ನೆಯನ್ನು ಇಂದು ಕೇಳುಗರ ಮುಂದಿಡಬೇಕೆಂದಿದ್ದೇನೆ. ನಾನು ಹಲವು ವರ್ಷ ಶರೀರಶಾಸ್ತ್ರವನ್ನು ಬೋಧಿಸಿದವನು. ಈಗ ಎಪ್ಪತ್ತನ್ನು ದಾಟಿದವನು. ಆದುದರಿಂದ ಇದು ನನಗೆ ಪುಸ್ತಕದ ಪ್ರಶ್ನೆಯೂ ಹೌದು, ಮನೆಯ ಪ್ರಶ್ನೆಯೂ ಹೌದು.

ಮೊದಲು ಜೀವಸತ್ವವೆಂದರೇನು ಎಂಬುದನ್ನು ನೆನಪು ಮಾಡಿಕೊಳ್ಳೋಣ. ಅನ್ನ, ಬೇಳೆ, ಎಣ್ಣೆಗಳಂತೆ ಇದು ದೇಹಕ್ಕೆ ಉರುವಲಲ್ಲ. ದೇಹದೊಳಗೆ ಹಗಲಿರುಳೂ ನಡೆಯುವ ಸಾವಿರಾರು ರಾಸಾಯನಿಕ ಕ್ರಿಯೆಗಳಿಗೆ ಕೈಗೂಡಿಸುವ ಅತ್ಯಲ್ಪ ಪ್ರಮಾಣದ ವಸ್ತು ಇದು. ದೇಹವು ಇದನ್ನು ತಾನೇ ಸಾಕಷ್ಟು ತಯಾರಿಸಿಕೊಳ್ಳಲಾರದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್, ಪಾಲಿಶ್ ಮಾಡಿದ ಬಿಳಿಯ ಅಕ್ಕಿಯ ಅನ್ನವನ್ನೇ ತಿಂದ ಕೋಳಿಗಳು ಕಾಲಿನ ಬಲ ಕಳೆದುಕೊಂಡು ಬೀಳುವುದನ್ನೂ, ತೌಡಿನಿಂದ ಕೂಡಿದ ಅಕ್ಕಿ ತಿಂದಾಗ ಎದ್ದು ನಡೆಯುವುದನ್ನೂ ಕಂಡ. ಮನುಷ್ಯರನ್ನು ಕಾಡುತ್ತಿದ್ದ ಬೆರಿಬೆರಿ ರೋಗದ ಗುಟ್ಟು ಅಲ್ಲಿತ್ತು. 1912ರಲ್ಲಿ ಕ್ಯಾಸಿಮಿರ್ ಫಂಕ್ ಇಂಥ ವಸ್ತುಗಳಿಗೆ ‘ವಿಟಮಿನ್’ ಎಂಬ ಹೆಸರನ್ನು ಟಂಕಿಸಿದ. 1929ರಲ್ಲಿ ಐಕ್‌ಮನ್‌ಗೆ ನೊಬೆಲ್ ಪಾರಿತೋಷಕ ಬಂದಿತು. ನಮ್ಮ ಕರಾವಳಿಯವರು ತಲೆತಲಾಂತರದಿಂದ ಉಣ್ಣುತ್ತ ಬಂದಿರುವ ಕುಚ್ಚಲಕ್ಕಿಯಲ್ಲಿ ಈ ಸತ್ವ ಬಹುಪಾಲು ಉಳಿದಿರುತ್ತದೆ. ಭತ್ತವನ್ನು ಬೇಯಿಸುವಾಗಲೇ ಅದು ಕಾಳಿನ ಒಳಕ್ಕೆ ಇಳಿಯುವುದರಿಂದ ಮಿಲ್ಲಿಗೆ ಹಾಕಿದಾಗ ತೌಡಿನೊಡನೆ ಹೊರಟುಹೋಗುವುದಿಲ್ಲ.

ಈ ಕಥೆಯಿಂದ ನಾವು ಇಟ್ಟುಕೊಳ್ಳಬೇಕಾದ ಪಾಠ ಒಂದುಂಟು. ಜೀವಸತ್ವದ ಕೊರತೆ ಹಸಿವಿನ ರೂಪದಲ್ಲಿ ಬರುವುದಿಲ್ಲ. ಹೊಟ್ಟೆ ತುಂಬಿದ್ದರೂ ಅದು ಬರಬಹುದು. ಬಂದಾಗ ನರದ ರೋಗದಂತೆ, ರಕ್ತದ ರೋಗದಂತೆ, ಮನಸ್ಸಿನ ರೋಗದಂತೆ ವೇಷ ತೊಟ್ಟು ಬರುತ್ತದೆ. ವಯಸ್ಸಾದವರಲ್ಲಿ ಅದು ತೊಡುವ ವೇಷ ಮುಪ್ಪಿನದು.

ಇನ್ನು ಮುಪ್ಪಿನ ವಿಚಾರ. ಪಂಚಾಂಗದ ಲೆಕ್ಕದಲ್ಲಿ ಒಂದೇ ವಯಸ್ಸಿನವರಾದ ಇಬ್ಬರನ್ನು ನೋಡಿ. ಒಬ್ಬರು ಎಪ್ಪತ್ತೈದರಲ್ಲಿಯೂ ಬೆಟ್ಟದ ಮೆಟ್ಟಿಲು ಹತ್ತುತ್ತಾರೆ. ಇನ್ನೊಬ್ಬರು ಅರವತ್ತೈದಕ್ಕೇ ಗೋಡೆ ಹಿಡಿದು ನಡೆಯುತ್ತಾರೆ. ಹಾಗಾದರೆ ಪಂಚಾಂಗದ ವಯಸ್ಸು ಬೇರೆ, ದೇಹದ ವಯಸ್ಸು ಬೇರೆ ಎಂದಾಯಿತು. ಇದು ನಮ್ಮ ಅಜ್ಜಿಯರಿಗೂ ತಿಳಿದಿದ್ದ ಸಂಗತಿಯೇ. ಆದರೆ ದೇಹದ ವಯಸ್ಸನ್ನು ಅಳೆಯುವ ಬಗೆ ಹೇಗೆ? ಕಳೆದ ಅರ್ಧ ಶತಮಾನದಲ್ಲಿ ವಿಜ್ಞಾನಿಗಳು ಇದಕ್ಕಾಗಿ ಹಲವು ಅಳತೆಗೋಲುಗಳನ್ನು ಕಟ್ಟಿದ್ದಾರೆ. ಅವುಗಳಲ್ಲಿ ಮೂರನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ಟೆಲೊಮಿಯರ್. ನಮ್ಮ ಜೀವಕೋಶಗಳಲ್ಲಿರುವ ವರ್ಣತಂತುಗಳ ತುದಿಯಲ್ಲಿ, ಹೊಸ ಸೆಣಬಿನ ಹಗ್ಗದ ತುದಿಗೆ ಬಿಗಿದ ಕಟ್ಟಿನಂತೆ, ಒಂದು ರಕ್ಷಣೆಯ ಭಾಗವಿರುತ್ತದೆ. ಜೀವಕೋಶ ಒಡೆದು ಎರಡಾದಾಗಲೆಲ್ಲ ಈ ಕಟ್ಟು ತುಸು ತುಸು ಸವೆಯುತ್ತದೆ. ಮನುಷ್ಯನ ಸಾಮಾನ್ಯ ಜೀವಕೋಶಗಳು ಕೊನೆಯಿಲ್ಲದೆ ಒಡೆಯಲಾರವೆಂಬುದನ್ನು ಲೆನಾರ್ಡ್ ಹೇಫ್ಲಿಕ್ 1961ರಲ್ಲಿ ತೋರಿಸಿಕೊಟ್ಟಿದ್ದ. ಟೆಲೊಮಿಯರಿನ ರಹಸ್ಯವನ್ನು ಬಿಡಿಸಿದ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರಲ್ ಗ್ರೈಡರ್ ಮತ್ತು ಜ್ಯಾಕ್ ಶೊಸ್ಟಾಕ್ ಇವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ದೊರಕಿತು.

ಎರಡನೆಯ ಅಳತೆಗೋಲು ಇನ್ನೂ ಸೂಕ್ಷ್ಮವಾದದ್ದು. ವಂಶವಾಹಿಗಳ ಡಿ.ಎನ್.ಎ. ಎಳೆಯ ಮೇಲೆ ಅಲ್ಲಲ್ಲಿ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪುಗಳು ಅಂಟಿಕೊಂಡಿರುತ್ತವೆ. ಯಾವ ವಂಶವಾಹಿ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ನಿಯಂತ್ರಿಸುವುದರಲ್ಲಿ ಇವುಗಳ ಕೈವಾಡವುಂಟು. ವಯಸ್ಸಾದಂತೆ ಈ ಗುರುತುಗಳ ವಿನ್ಯಾಸ ಒಂದು ಕ್ರಮದಲ್ಲಿ ಬದಲಾಗುತ್ತದೆ. 2013ರಲ್ಲಿ ಸ್ಟೀವ್ ಹಾರ್ವತ್ ಎಂಬ ವಿಜ್ಞಾನಿ ಇಂಥ 353 ತಾಣಗಳನ್ನು ಪರೀಕ್ಷಿಸಿ ವ್ಯಕ್ತಿಯ ವಯಸ್ಸನ್ನು ಅಂದಾಜು ಮಾಡುವ ಒಂದು ‘ಗಡಿಯಾರ’ವನ್ನು ರಚಿಸಿದ.

ಮೂರನೆಯದು, ರಕ್ತದ ಸಾಮಾನ್ಯ ಪರೀಕ್ಷೆಗಳಿಂದಲೇ ದೇಹದ ವಯಸ್ಸನ್ನು ಲೆಕ್ಕ ಹಾಕುವ ಕ್ರಮ. 2018ರಲ್ಲಿ ಮಾರ್ಗನ್ ಲೆವಿನ್ ಮತ್ತು ಸಹೋದ್ಯೋಗಿಗಳು ರಕ್ತದ ಒಂಬತ್ತು ಅಳತೆಗಳನ್ನು ಪಂಚಾಂಗದ ವಯಸ್ಸಿನೊಡನೆ ಸೇರಿಸಿ ಇಂಥದೊಂದು ಲೆಕ್ಕವನ್ನು ಸಿದ್ಧಪಡಿಸಿದರು. ಆ ಒಂಬತ್ತರಲ್ಲಿ ಸಕ್ಕರೆಯ ಅಂಶವಿದೆ, ಮೂತ್ರಪಿಂಡದ ಕಾರ್ಯವನ್ನು ತಿಳಿಸುವ ಕ್ರಿಯಾಟಿನಿನ್ ಇದೆ. ಕೆಂಪು ರಕ್ತಕಣದ ಸರಾಸರಿ ಗಾತ್ರವೂ, ಕಣಗಳ ಗಾತ್ರದಲ್ಲಿ ಎಷ್ಟು ಏರುಪೇರಿದೆ ಎಂಬುದೂ ಇದೆ. ಈ ಕೊನೆಯ ಎರಡನ್ನು ಕೇಳುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅವುಗಳಿಂದ ಕೆಲಸವಿದೆ.

ಈ ಗಡಿಯಾರಗಳಿಗೂ ಜೀವಸತ್ವಗಳಿಗೂ ಎಲ್ಲಿಯ ನಂಟು? ಮೇಲೆ ಹೇಳಿದ ಮೀಥೈಲ್ ಗುಂಪುಗಳು ಆಕಾಶದಿಂದ ಬೀಳುವುದಿಲ್ಲ. ಅವುಗಳನ್ನು ದೇಹದಲ್ಲಿ ಹೊತ್ತು ಸಾಗಿಸುವ ಕೆಲಸದಲ್ಲಿ ಎರಡು ಜೀವಸತ್ವಗಳು ಜೋಡಿಯಾಗಿ ದುಡಿಯುತ್ತವೆ. ಒಂದು ಫೋಲಿಕ್ ಆಮ್ಲದ ಬಳಗದ ಫೋಲೇಟು, ಇನ್ನೊಂದು ಬಿ-12. ಫೋಲೇಟು ಮೀಥೈಲನ್ನು ತಂದು ಬಿ-12ಕ್ಕೆ ಒಪ್ಪಿಸುತ್ತದೆ. ಬಿ-12 ಅದನ್ನು ಹೋಮೋಸಿಸ್ಟೀನ್ ಎಂಬ ವಸ್ತುವಿಗೆ ಕೊಟ್ಟು ಮಿಥಿಯೊನಿನ್ ಆಗಿ ಪರಿವರ್ತಿಸುತ್ತದೆ. ಈ ಜೋಡಿಯಲ್ಲಿ ಒಂದು ಕೈಕೊಟ್ಟರೂ ಹೋಮೋಸಿಸ್ಟೀನ್ ರಕ್ತದಲ್ಲಿ ಹೆಚ್ಚುತ್ತದೆ, ಹೊಸ ರಕ್ತಕಣಗಳ ರಚನೆ ಕೆಡುತ್ತದೆ. ಬಿ-12ರ ಕೊರತೆಯಾದರೆ ನರಗಳ ಹೊದಿಕೆಯೂ ಹಾಳಾಗುತ್ತದೆ.

ಈ ಎರಡು ಜೀವಸತ್ವಗಳ ಶೋಧನೆಯ ಇತಿಹಾಸದಲ್ಲಿ ನಮ್ಮ ದೇಶಕ್ಕೂ ಒಂದು ಪಾಲಿದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದರು. ಅಲ್ಲಿನ ಬಟ್ಟೆಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರಲ್ಲಿ ಕಾಣುತ್ತಿದ್ದ ಒಂದು ಬಗೆಯ ತೀವ್ರ ರಕ್ತಹೀನತೆಯನ್ನು ಅವರು ಅಭ್ಯಾಸ ಮಾಡಿದರು. ಈ ರೋಗಿಗಳ ಕೆಂಪು ರಕ್ತಕಣಗಳು ಸಂಖ್ಯೆಯಲ್ಲಿ ಕಡಿಮೆಯಾಗಿದ್ದರೂ ಗಾತ್ರದಲ್ಲಿ ದೊಡ್ಡವಾಗಿರುತ್ತಿದ್ದವು. ಯೀಸ್ಟಿನ ಸಾರದಿಂದ ಈ ರೋಗ ಗುಣವಾಗುವುದನ್ನು ವಿಲ್ಸ್ 1931ರಲ್ಲಿ ಪ್ರಕಟಿಸಿದರು. ಯೀಸ್ಟಿನಲ್ಲಿದ್ದ ಆ ಅಜ್ಞಾತ ವಸ್ತುವೇ ಫೋಲೇಟು. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದವರು, ಎಲೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಹೆಸರಿಟ್ಟರು. ಮುಂದೆ ಅದನ್ನು ಪ್ರಯೋಗಶಾಲೆಯಲ್ಲಿ ಕೃತಕವಾಗಿ ತಯಾರಿಸಿದ ಅಮೆರಿಕದ ತಂಡಕ್ಕೆ ಮಾರ್ಗದರ್ಶಕರಾಗಿದ್ದವರು ಆಂಧ್ರದ ಭೀಮವರದಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್.

ಬಿ-12ರ ಕಥೆ ವೃದ್ಧರ ರೋಗವೊಂದರಿಂದಲೇ ಮೊದಲಾಯಿತು. ‘ಮಾರಕ ರಕ್ತಹೀನತೆ’ ಎಂದು ಕರೆಯಲಾಗುತ್ತಿದ್ದ ಆ ರೋಗ ಬಂದವರು ಕೆಲವೇ ವರ್ಷಗಳಲ್ಲಿ ಸಾಯುವುದು ನಿಶ್ಚಿತವಾಗಿತ್ತು. 1926ರಲ್ಲಿ ಬೋಸ್ಟನ್ನಿನ ಜಾರ್ಜ್ ಮೈನಟ್ ಮತ್ತು ವಿಲಿಯಂ ಮರ್ಫಿ ಇಂಥ ರೋಗಿಗಳಿಗೆ ಪ್ರತಿದಿನವೂ ಪ್ರಾಣಿಗಳ ಯಕೃತ್ತನ್ನು ತಿನ್ನಿಸಿ ಬದುಕಿಸಬಹುದೆಂದು ತೋರಿಸಿದರು. ಅನಂತರ ವಿಲಿಯಂ ಕ್ಯಾಸಲ್ ಎಂಬಾತ ಒಂದು ಮಹತ್ವದ ಸಂಗತಿಯನ್ನು ಕಂಡುಕೊಂಡ. ಆರೋಗ್ಯವಂತನ ಜಠರರಸದೊಡನೆ ಕೊಟ್ಟ ಮಾಂಸ ರೋಗಿಗೆ ಹಿತ ಮಾಡುತ್ತದೆ. ಬರಿಯ ಮಾಂಸ ಮಾಡುವುದಿಲ್ಲ. ಎಂದರೆ ರೋಗಿಯ ಕೊರತೆ ಇರುವುದು ತಟ್ಟೆಯಲ್ಲಲ್ಲ, ಜಠರದಲ್ಲಿ. 1948ರಲ್ಲಿ ಅಮೆರಿಕ ಮತ್ತು ಇಂಗ್ಲೆಂಡುಗಳಲ್ಲಿ ಯಕೃತ್ತಿನೊಳಗಿನ ಆ ವಸ್ತುವನ್ನು ಕೆಂಪು ಹರಳುಗಳಾಗಿ ಬೇರ್ಪಡಿಸಿದರು. ಅದೇ ಬಿ-12. ಡೊರೊತಿ ಹಾಜ್‌ಕಿನ್ ಅದರ ಜಟಿಲವಾದ ರಚನೆಯನ್ನು ಬಿಡಿಸಿದರು. 1964ರಲ್ಲಿ ಅವರಿಗೂ ನೊಬೆಲ್ ಪಾರಿತೋಷಕ ಬಂದಿತು.

ಕ್ಯಾಸಲ್ ಕಂಡ ಸಂಗತಿಯಲ್ಲಿಯೇ ನಮ್ಮ ಇಂದಿನ ವಿಷಯದ ತಿರುಳಿದೆ. ಆಹಾರದಲ್ಲಿರುವ ಬಿ-12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಜಠರದ ಆಮ್ಲ ಮತ್ತು ಜೀರ್ಣರಸ ಅದನ್ನು ಬಿಡಿಸಬೇಕು. ಜಠರದ ಗೋಡೆಯೇ ಒಸರುವ ಒಂದು ವಿಶೇಷ ಪ್ರೋಟೀನು ಅದನ್ನು ಕೈಹಿಡಿದು ಸಣ್ಣಕರುಳಿನ ಕೊನೆಯವರೆಗೆ ಕರೆದೊಯ್ಯಬೇಕು. ಅಲ್ಲಿ ಅದು ರಕ್ತಕ್ಕೆ ಸೇರಬೇಕು. ವಯಸ್ಸಾದಂತೆ ಅನೇಕರಲ್ಲಿ ಜಠರದ ಒಳಪೊರೆ ಸವೆದು ಆಮ್ಲ ಕಡಿಮೆಯಾಗುತ್ತದೆ. ಅಮೆರಿಕದ ತಜ್ಞರ ಅಂದಾಜಿನಂತೆ ಹಿರಿಯರಲ್ಲಿ ನೂರಕ್ಕೆ 10ರಿಂದ 30 ಮಂದಿ ಆಹಾರದಲ್ಲಿರುವ ಬಿ-12ನ್ನು ಸರಿಯಾಗಿ ಹೀರಿಕೊಳ್ಳಲಾರರು. ಎದೆಯುರಿಗೆಂದು ವರ್ಷಗಟ್ಟಲೆ ಆಮ್ಲ ತಗ್ಗಿಸುವ ಗುಳಿಗೆ ನುಂಗುವವರಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಈ ತೊಂದರೆ ಮತ್ತಷ್ಟು ಹೆಚ್ಚು. ಆದ್ದರಿಂದ ಮುದುಕರ ವಿಷಯದಲ್ಲಿ ಉಂಡದ್ದೆಲ್ಲ ದಕ್ಕಿತೆಂದು ಹೇಳುವಂತಿಲ್ಲ.

ಇದಕ್ಕೆ ನಮ್ಮ ಆಹಾರಕ್ರಮವೂ ಸೇರಿಕೊಳ್ಳುತ್ತದೆ. ಬಿ-12ನ್ನು ಸೃಷ್ಟಿಸಬಲ್ಲವು ಕೆಲವು ಸೂಕ್ಷ್ಮಜೀವಿಗಳು ಮಾತ್ರ. ಪ್ರಾಣಿಗಳ ಮೂಲಕ ಅದು ಹಾಲು, ಮೊಟ್ಟೆ, ಮೀನು, ಮಾಂಸಗಳಿಗೆ ಬರುತ್ತದೆ. ಸೊಪ್ಪು, ಕಾಳು, ಹಣ್ಣು, ಧಾನ್ಯ ಇವು ಎಷ್ಟೇ ಒಳ್ಳೆಯವಾದರೂ ಅವುಗಳಲ್ಲಿ ಇದು ಸಿಗದು. ದಿನಕ್ಕೆ ಬೇಕಾದದ್ದು ಅಮೆರಿಕದ ಗೊತ್ತುಪಾಡಿನಂತೆ 2.4 ಮೈಕ್ರೋಗ್ರಾಂ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿ, ಅದರಲ್ಲಿ ಎರಡೂವರೆ ಪಾಲು ಎನ್ನಿ. ಎಂಬತ್ತು ವರ್ಷದ ಅಗತ್ಯವನ್ನೆಲ್ಲ ಒಟ್ಟುಗೂಡಿಸಿದರೂ ಒಂದು ಗ್ರಾಮಿನ ಹತ್ತನೆಯ ಒಂದು ಪಾಲು ಆಗದು! ಆದರೆ ಒಂದು ದೊಡ್ಡ ಲೋಟ ಹಾಲಿನಲ್ಲಿರುವುದು ಸುಮಾರು ಒಂದು ಮೈಕ್ರೋಗ್ರಾಂ. ಕಾಫಿಗೆ ಬೆರೆಸಿದ ನಾಲ್ಕು ಚಮಚ ಹಾಲು, ನೀರಿನಂಥ ಮಜ್ಜಿಗೆ ಇವುಗಳಿಂದ ಲೆಕ್ಕ ತುಂಬುವುದಿಲ್ಲವೆಂಬುದು ಸ್ಪಷ್ಟ.

2001ರಲ್ಲಿ ಪುಣೆಯ ನಿವಾಸಿಗಳನ್ನು ಕುರಿತ ಒಂದು ಅಧ್ಯಯನ ಪ್ರಕಟವಾಯಿತು. 27ರಿಂದ 55 ವರ್ಷದೊಳಗಿನ 204 ಮಂದಿಯನ್ನು ಪರೀಕ್ಷಿಸಿದಾಗ ನೂರಕ್ಕೆ 47 ಮಂದಿಯಲ್ಲಿ ಬಿ-12 ಕಡಿಮೆಯಿತ್ತು. ನೂರಕ್ಕೆ 77 ಮಂದಿಯಲ್ಲಿ ಹೋಮೋಸಿಸ್ಟೀನ್ ಮಿತಿಮೀರಿತ್ತು. ಇವರು ಮುದುಕರಲ್ಲ, ನಾಳೆ ಮುದುಕರಾಗಲಿರುವವರು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಿಂದ ನಡೆದುಬಂದಿರುವ ಪ್ರಸಿದ್ಧ ಅಧ್ಯಯನದ 1993ರ ವರದಿಯೊಂದು 67ರಿಂದ 96 ವರ್ಷದ 1,160 ಹಿರಿಯರನ್ನು ಕುರಿತದ್ದು. ಅವರಲ್ಲಿ ಹೋಮೋಸಿಸ್ಟೀನ್ ಏರಿದ್ದ ಪ್ರಕರಣಗಳ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲಿಗೆ ಬಿ ಗುಂಪಿನ ಜೀವಸತ್ವಗಳ ಕೊರತೆಯೇ ಕಾರಣವಿರಬೇಕೆಂದು ಅಲ್ಲಿ ಕಂಡುಬಂದಿತು. ಹಾಲು ಮಾಂಸಗಳಿಗೆ ಕೊರತೆಯಿಲ್ಲದ ದೇಶದ ಮಾತು ಇದು.

ಈ ಕೊರತೆ ಮನುಷ್ಯನನ್ನು ಹೇಗೆ ಕಾಡುತ್ತದೆಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನನ್ನ ಸೋದರತ್ತೆಯೊಬ್ಬರು ಎಳೆಯ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು, ಒಪ್ಪೊತ್ತಿನ ಊಟ ಮಾಡಿಕೊಂಡು ಬದುಕಿದವರು. ಎಲ್ಲರದಾದ ಮೇಲೆ ಅವರ ಊಟ. ಅನ್ನ, ತಿಳಿಸಾರು, ತೆಳುವಾದ ಮಜ್ಜಿಗೆ. ಎಪ್ಪತ್ತಾರರ ಹೊತ್ತಿಗೆ ಅವರ ಪಾದಗಳು ಸದಾ ಜೋಮು ಹಿಡಿದಂತಿರುತ್ತಿದ್ದವು. ಚಪ್ಪಲಿ ಕಾಲಿನಿಂದ ಕಳಚಿ ಹಿಂದೆ ಉಳಿದರೂ ತಿಳಿಯುತ್ತಿರಲಿಲ್ಲ. ಮುಖ ತೊಳೆಯಲು ಕಣ್ಣು ಮುಚ್ಚಿದೊಡನೆ ಮೈ ಓಲಾಡುತ್ತಿತ್ತು. ನಾಲಗೆ ಉರಿಯುವುದೆಂದು ಖಾರವನ್ನೂ ಹುಳಿಯನ್ನೂ ಬಿಟ್ಟರು. ಅದರಿಂದ ಊಟ ಮತ್ತಷ್ಟು ಕುಗ್ಗಿತು. ಮನೆಯವರೆಲ್ಲರೂ ಇದನ್ನು ವಯಸ್ಸಿನ ಧರ್ಮವೆಂದೇ ತಿಳಿದಿದ್ದರು. ಅವರೂ ಹಾಗೆಯೇ ತಿಳಿದಿದ್ದರು.

ಬೇರಾವುದೋ ಕಾರಣಕ್ಕೆ ಮನೆಗೆ ಬಂದ ಯುವಕ ವೈದ್ಯರೊಬ್ಬರು ಅವರ ನಾಲಗೆ ಎಣ್ಣೆ ಸವರಿದಂತೆ ನುಣುಪಾಗಿರುವುದನ್ನು ಗಮನಿಸಿ ರಕ್ತಪರೀಕ್ಷೆ ಮಾಡಿಸಿದರು. ಬಿ-12 ತೀರ ಕೆಳಗಿಳಿದಿತ್ತು. ಸೂಜಿಮದ್ದು ಕೊಡಲು ಮೊದಲು ಮಾಡಿದ ಕೆಲವು ವಾರಗಳಲ್ಲಿಯೇ ನಾಲಗೆಯ ಉರಿ ಇಳಿಯಿತು, ಹಸಿವು ಮರಳಿತು. ಆರೇಳು ತಿಂಗಳಲ್ಲಿ ಅವರು ಗೋಡೆಯ ಆಸರೆ ಬಿಟ್ಟು ಅಂಗಳಕ್ಕೆ ಹೋಗಿ ತುಳಸಿಗೆ ನೀರೆರೆಯುವಂತಾದರು. ಆದರೆ ಕಾಲ್ಬೆರಳುಗಳ ಜೋಮು ಮಾತ್ರ ಅವರ ಕೊನೆಯವರೆಗೂ ಹೋಗಲಿಲ್ಲ. ಈ ರೋಗದ ಸ್ವಭಾವವೇ ಅಂಥದು. ರಕ್ತ ಬೇಗ ಚೇತರಿಸಿಕೊಳ್ಳುತ್ತದೆ, ನರ ಹಾಗಲ್ಲ. ಬೆನ್ನುಹುರಿಯ ನರತಂತುಗಳು ಬಹುಕಾಲ ಕೆಟ್ಟು ನಿಂತರೆ ಮತ್ತೆ ಸಂಪೂರ್ಣವಾಗಿ ಸರಿಹೋಗುವುದು ಕಷ್ಟ. ಬಹುಕಾಲ ‘ವಯಸ್ಸಾಯಿತು’ ಎಂದುಕೊಂಡು ಕುಳಿತರೆ ಅದರ ಬೆಲೆಯನ್ನು ಮುದುಕರೇ ತೆರಬೇಕಾಗುತ್ತದೆ.

ಇಲ್ಲಿ ಇನ್ನೊಂದು ಎಚ್ಚರದ ಮಾತು ಹೇಳಬೇಕು. ರಕ್ತ ಕಡಿಮೆಯೆಂದು ತಾವೇ ಫೋಲಿಕ್ ಆಮ್ಲದ ಮಾತ್ರೆಗಳನ್ನು ದೊಡ್ಡ ಪ್ರಮಾಣದಲ್ಲಿ ನುಂಗುವವರುಂಟು. ಬಿ-12ರ ಕೊರತೆಯಿಂದ ಬಂದ ರಕ್ತಹೀನತೆಯೂ ಅದರಿಂದ ಸುಧಾರಿಸೀತು. ಆದರೆ ನರದ ಹಾನಿ ನಿಲ್ಲುವುದಿಲ್ಲ; ರಕ್ತ ಸರಿಯಾಯಿತೆಂಬ ನೆಮ್ಮದಿಯ ಹಿಂದೆ ಅದು ಮರೆಯಾಗಿ ಮುಂದುವರಿಯುತ್ತದೆ. ರಕ್ತ ಚೆನ್ನಾಗಿದ್ದೂ ನರಗಳು ಕೆಡುವುದುಂಟು. ಆದಕಾರಣ ಇವುಗಳನ್ನು ಪರೀಕ್ಷೆಯಿಲ್ಲದೆ ಊಹೆಯ ಮೇಲೆ ಸೇವಿಸಬಾರದು.

ಈಗ ಮುಪ್ಪಿನ ಗಡಿಯಾರಕ್ಕೆ ಹಿಂತಿರುಗೋಣ. ಒಂಬತ್ತು ಅಳತೆಗಳಲ್ಲಿ ಕೆಂಪು ಕಣದ ಗಾತ್ರವೂ, ಗಾತ್ರದ ಏರುಪೇರೂ ಸೇರಿವೆಯೆಂದೆನಲ್ಲವೆ? ಬಿ-12 ಅಥವಾ ಫೋಲೇಟಿನ ಕೊರತೆಯಾದಾಗ ಬದಲಾಗುವುದು ಇವೇ. ಲೂಸಿ ವಿಲ್ಸ್ ಮುಂಬಯಿಯಲ್ಲಿ ಕಂಡ ದೊಡ್ಡ ಕಣಗಳು ಇಂದು ದೇಹವನ್ನು ‘ಹೆಚ್ಚು ಮುದಿ’ ಎಂದು ತೋರಿಸುವ ಲೆಕ್ಕದೊಳಗೆ ಬಂದು ಕುಳಿತಿವೆ. ಕೊರತೆಯುಳ್ಳ ಒಬ್ಬ ಹಿರಿಯರನ್ನು ಈ ಗಡಿಯಾರ ವಯಸ್ಸಿಗಿಂತ ಮುದಿಯೆಂದು ತೋರಿಸಿತೆನ್ನಿ. ಅವರಿಗೆ ಬಿ-12 ಕೊಟ್ಟು ಕೆಲವು ತಿಂಗಳ ಮೇಲೆ ಮತ್ತೆ ಅಳೆದರೆ, ಅವರು ಕೆಲವು ವರ್ಷ ಎಳೆಯರಾದಂತೆ ಕಾಣಬಹುದು. ಹಾಗೆಂದು ಅವರ ಮುಪ್ಪು ಹಿಂದಕ್ಕೆ ಸರಿಯಿತೆ? ಇಲ್ಲ. ಮುಪ್ಪಿನ ಹೆಸರಿನಲ್ಲಿ ಕುಳಿತಿದ್ದ ಒಂದು ರೋಗ ಎದ್ದುಹೋಯಿತು, ಅಷ್ಟೆ. ಅದೇನೂ ಸಣ್ಣ ಲಾಭವಲ್ಲ. ಆದರೆ ಕೊರತೆಯೇ ಇಲ್ಲದವರು ಅದೇ ಸೂಜಿಮದ್ದಿನಿಂದ ಅದೇ ಫಲವನ್ನು ಬಯಸಿದರೆ ಅವರಿಗೆ ದಕ್ಕುವುದು ಖರ್ಚು ಮಾತ್ರ.

ಇತ್ತೀಚಿನ ಪ್ರಯೋಗಗಳನ್ನು ಈ ದೃಷ್ಟಿಯಿಂದ ನೋಡಿದರೆ ಅವುಗಳ ಗೊಂದಲ ಬಹುಮಟ್ಟಿಗೆ ತಿಳಿಯಾಗುತ್ತದೆ. 2010ರಲ್ಲಿ ಪ್ರಕಟವಾದ ಆಕ್ಸ್‌ಫರ್ಡಿನ ಪ್ರಯೋಗವೊಂದರಲ್ಲಿ, ಮರೆವು ತುಸು ಮೊದಲಾಗಿದ್ದ 70 ವರ್ಷ ಮೀರಿದವರಿಗೆ ಎರಡು ವರ್ಷ ಫೋಲಿಕ್ ಆಮ್ಲ, ಬಿ-6, ಬಿ-12 ಕೊಟ್ಟರು. ಮಿದುಳು ಕುಗ್ಗುವ ವೇಗ ಸರಾಸರಿ ನೂರಕ್ಕೆ 30ರಷ್ಟು ತಗ್ಗಿತು. ಹೋಮೋಸಿಸ್ಟೀನ್ ಹೆಚ್ಚಾಗಿದ್ದವರಲ್ಲಿ ಅರ್ಧದಷ್ಟೇ ತಗ್ಗಿತು. ಕೊರತೆ ಹೆಚ್ಚಿದ್ದೆಡೆ ಫಲವೂ ಹೆಚ್ಚು. ಆದರೆ ರಕ್ತನಾಳಗಳ ರೋಗ ಅಥವಾ ಸಕ್ಕರೆ ಕಾಯಿಲೆಯುಳ್ಳ 5,522 ಮಂದಿಗೆ ಇದೇ ಜೀವಸತ್ವಗಳನ್ನು ಕೊಟ್ಟ, 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೋಮೋಸಿಸ್ಟೀನ್ ಇಳಿದರೂ ಹೃದಯಸಂಬಂಧವಾದ ಸಾವುಗಳು ಕಡಿಮೆಯಾಗಲಿಲ್ಲ.

ಡಿ ಜೀವಸತ್ವದ ಕಥೆಯೂ ಹೀಗೆಯೇ. ಬಿಸಿಲು ಬಿದ್ದಾಗ ಚರ್ಮವೇ ಅದನ್ನು ತಯಾರಿಸುತ್ತದೆ. ಆದರೆ ಎಂಬತ್ತರ ಹತ್ತಿರ ಬಂದವರ ಚರ್ಮದ ಈ ಸಾಮರ್ಥ್ಯ ಹದಿಹರೆಯದವರದರ ಅರ್ಧಕ್ಕಿಂತ ಕಡಿಮೆಯೆಂದು 1985ರಲ್ಲಿಯೇ ತಿಳಿದುಬಂದಿತ್ತು. ಅಮೆರಿಕದಲ್ಲಿ 25,871 ಮಂದಿಯ ಮೇಲೆ ನಡೆದ ಬೃಹತ್ ಪ್ರಯೋಗದಲ್ಲಿ ಕೆಲವರಿಗೆ ದಿನಕ್ಕೆ 2,000 ಯೂನಿಟ್ ಡಿ ಜೀವಸತ್ವವನ್ನೂ ಉಳಿದವರಿಗೆ ಸತ್ವವಿಲ್ಲದ ಹುಸಿಮಾತ್ರೆಯನ್ನೂ ಕೊಟ್ಟರು. 2018ರ ವರದಿಯಂತೆ ಇದರಿಂದ ಅರ್ಬುದ ರೋಗವಾಗಲಿ ಹೃದಯಾಘಾತವಾಗಲಿ ಕಡಿಮೆಯಾಗಲಿಲ್ಲ. 2022ರ ವರದಿಯಂತೆ ಮೂಳೆ ಮುರಿತವೂ ಕಡಿಮೆಯಾಗಲಿಲ್ಲ. ಆದರೆ ಅವರಲ್ಲಿಯೇ ಸುಮಾರು ಒಂದು ಸಾವಿರ ಮಂದಿಯ ಟೆಲೊಮಿಯರನ್ನು ನಾಲ್ಕು ವರ್ಷ ಅಳೆದಾಗ, ಡಿ ಜೀವಸತ್ವ ಸೇವಿಸಿದವರಲ್ಲಿ ಸವೆತ ಕಡಿಮೆಯಿತ್ತೆಂದೂ, ಅದು ಸುಮಾರು ಮೂರು ವರ್ಷದ ಮುಪ್ಪಿಗೆ ಸಮವೆಂದೂ 2025ರಲ್ಲಿ ವರದಿಯಾಯಿತು. ಅದೇ ವರ್ಷ ಪ್ರಕಟವಾದ ಸ್ವಿಟ್ಸರ್ಲೆಂಡಿನ 777 ವೃದ್ಧರ ಅಧ್ಯಯನದಲ್ಲಿ, ಡಿ.ಎನ್.ಎ. ಗುರುತುಗಳ ಗಡಿಯಾರದ ಮೇಲೆ ಡಿ ಜೀವಸತ್ವವೊಂದೇ ಪರಿಣಾಮ ಬೀರಲಿಲ್ಲ. ಮೀನೆಣ್ಣೆಯ ಒಮೆಗಾ-3 ಮೇದಸ್ಸು ಮೂರು ವರ್ಷದಲ್ಲಿ ಮೂರು ನಾಲ್ಕು ತಿಂಗಳಷ್ಟು ಅಂತರವನ್ನುಂಟುಮಾಡಿತು. ಹೀಗೆ ಒಂದು ಅಳತೆಗೋಲು ಹೌದೆಂದರೆ ಇನ್ನೊಂದು ಅಲ್ಲವೆನ್ನುತ್ತದೆ. ಗಡಿಯಾರದ ಮುಳ್ಳು ಸರಿದುದನ್ನೇ ಆಯುಸ್ಸು ಬೆಳೆದುದೆಂದು ತಿಳಿಯಬಾರದು.

ಹೆಚ್ಚು ಸೇವಿಸಿದರೆ ಹೆಚ್ಚು ಫಲವೆಂಬ ಭ್ರಮೆ ಮತ್ತೂ ಅಪಾಯಕರ. 1956ರಲ್ಲಿ ಡೆನ್‌ಹ್ಯಾಮ್ ಹಾರ್ಮನ್ ಎಂಬ ವಿಜ್ಞಾನಿ, ಉಸಿರಾಟದ ಆಮ್ಲಜನಕದಿಂದ ದೇಹದೊಳಗೆ ಹುಟ್ಟುವ ಉಗ್ರ ಕಣಗಳೇ ಮುಪ್ಪಿಗೆ ಕಾರಣವೆಂಬ ವಾದವನ್ನು ಮುಂದಿಟ್ಟ. ಹಾಗಾದರೆ ಆ ಕಣಗಳನ್ನು ತಣಿಸಬಲ್ಲ ಇ ಜೀವಸತ್ವವನ್ನೂ ಬೀಟಾ ಕ್ಯಾರೊಟೀನನ್ನೂ ಧಾರಾಳವಾಗಿ ಕೊಟ್ಟರಾಯಿತು ಎಂದು ಹಲವರು ಬಗೆದರು. 1994ರಲ್ಲಿ ಫಿನ್ಲೆಂಡಿನ 29,133 ಧೂಮಪಾನಿಗಳ ಪ್ರಯೋಗದ ಫಲಿತಾಂಶ ಬಂದಾಗ, ಬೀಟಾ ಕ್ಯಾರೊಟೀನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಅರ್ಬುದ ನೂರಕ್ಕೆ 18ರಷ್ಟು ಹೆಚ್ಚಾಗಿತ್ತು. 2011ರಲ್ಲಿ, ದಿನಕ್ಕೆ 400 ಯೂನಿಟ್ ಇ ಜೀವಸತ್ವ ಸೇವಿಸಿದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಅರ್ಬುದ ನೂರಕ್ಕೆ 17ರಷ್ಟು ಹೆಚ್ಚೆಂದು ತಿಳಿದುಬಂದಿತು. ನರಗಳಿಗೆ ಅಗತ್ಯವಾದ ಬಿ-6 ಜೀವಸತ್ವವೇ ಅತಿಯಾದಾಗ ಕೈಕಾಲು ಜೋಮು ಹಿಡಿಯುವುದೆಂದು 1983ರಷ್ಟು ಹಿಂದೆಯೇ ವೈದ್ಯರು ವರದಿ ಮಾಡಿದ್ದರು. ಕ್ಯಾರೆಟ್ಟಿನಲ್ಲಿ, ನುಗ್ಗೆಸೊಪ್ಪಿನಲ್ಲಿ ಬರುವ ಕ್ಯಾರೊಟೀನಿನಿಂದ ಇಂಥ ಕೇಡು ಕಂಡುಬಂದಿಲ್ಲ. ಸೀಸೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಬಂದಾಗ ಅದೇ ವಸ್ತುವಿನ ನಡವಳಿಕೆ ಬೇರೆ.

ಹಾಗಾದರೆ ನಾವು ಮಾಡಬೇಕಾದುದೇನು? ಮನೆಯ ಮಟ್ಟಿನ ಕೆಲವು ಮಾತುಗಳನ್ನು ಹೇಳುತ್ತೇನೆ. ಸೊಪ್ಪು, ಮೊಳಕೆ ಕಟ್ಟಿದ ಕಾಳು, ಬೇಳೆಗಳು ಫೋಲೇಟಿನ ಒಳ್ಳೆಯ ಮೂಲಗಳು. ಆದರೆ ಸೊಪ್ಪನ್ನು ಬಹಳ ಹೊತ್ತು ಬೇಯಿಸಿ ನೀರನ್ನು ಚೆಲ್ಲಿದರೆ ಸತ್ವದ ದೊಡ್ಡ ಪಾಲು ಹೊರಟುಹೋಗುತ್ತದೆ. ಬಸಿದ ಕಟ್ಟಿನಿಂದ ಸಾರು ಮಾಡುವ ನಮ್ಮ ಬಸ್ಸಾರಿನ ಪದ್ಧತಿ ಈ ದೃಷ್ಟಿಯಿಂದ ಬಹಳ ಜಾಣತನದ್ದು. ಅಕ್ಕಿಯನ್ನು ಹಲವು ಸಲ ಉಜ್ಜಿ ತೊಳೆಯುವುದು, ಗಂಜಿಯನ್ನು ಬಸಿದು ಚೆಲ್ಲುವುದು ಇವನ್ನು ಬಿಡಬೇಕು. ಹಲ್ಲು ಬಿದ್ದವರಿಗೆ ಸೊಪ್ಪು, ತರಕಾರಿ, ಹಣ್ಣುಗಳು ತಟ್ಟೆಯಿಂದ ತಾವಾಗಿಯೇ ಮಾಯವಾಗುತ್ತವೆ. ಅವನ್ನು ಮೆತ್ತಗೆ ಮಾಡಿ, ಮಸೆದು ಬಡಿಸುವ ವ್ಯವಧಾನ ಮನೆಯವರಿಗೆ ಬೇಕು. ಹಾಲು, ಗಟ್ಟಿ ಮೊಸರು ಮಕ್ಕಳ ಪಾಲೆಂದು ಹಿರಿಯರು ಬಿಟ್ಟುಕೊಡುವುದುಂಟು. ಅವರ ಪಾಲನ್ನು ಅವರಿಗೇ ಕೊಡಬೇಕು. ಮೊಟ್ಟೆ, ಮೀನು ತಿನ್ನುವವರು ವಯಸ್ಸಾಯಿತೆಂದು ಅವುಗಳನ್ನು ಬಿಡಬೇಕಾಗಿಲ್ಲ.

ಸಸ್ಯಾಹಾರಿಗಳಾದ ಹಿರಿಯರು, ಮೆಟ್‌ಫಾರ್ಮಿನ್ ಅಥವಾ ಆಮ್ಲ ತಗ್ಗಿಸುವ ಔಷಧವನ್ನು ಬಹುಕಾಲದಿಂದ ಸೇವಿಸುತ್ತಿರುವವರು, ಜೋಮು, ನಾಲಗೆಯ ಉರಿ, ಹೊಸದಾಗಿ ಬಂದ ಮರೆವು, ಕತ್ತಲಲ್ಲಿ ಓಲಾಟ ಇವುಗಳಿಂದ ಬಳಲುವವರು ವೈದ್ಯರ ಬಳಿ ಬಿ-12 ಪರೀಕ್ಷೆಯ ಪ್ರಸ್ತಾಪವನ್ನು ತಾವಾಗಿಯೇ ಎತ್ತಬೇಕು. ಕೊರತೆಯಿದ್ದರೆ ಸೂಜಿಮದ್ದು ಇದೆ, ಗುಳಿಗೆಯೂ ಇದೆ. ದೊಡ್ಡ ಪ್ರಮಾಣದ ಗುಳಿಗೆಯಾದರೆ, ಜಠರದ ನೆರವಿಲ್ಲದೆಯೇ ನೂರರಲ್ಲಿ ಒಂದು ಪಾಲಿನಷ್ಟು ಕರುಳಿನ ಮೂಲಕ ಒಳಸೇರುತ್ತದೆ. ದೇಹಕ್ಕೆ ಬೇಕಾದದ್ದು ಅತ್ಯಲ್ಪವಾದುದರಿಂದ ಅದೇ ಸಾಕಾಗಬಹುದು. ಯಾವುದನ್ನು, ಎಷ್ಟು ಕಾಲ ಎಂಬುದನ್ನು ವೈದ್ಯರು ನಿರ್ಧರಿಸಲಿ.

ಮುಪ್ಪು ಬರುವುದನ್ನು ತಡೆಯುವ ಜೀವಸತ್ವವನ್ನು ಈವರೆಗೆ ಯಾರೂ ಕಂಡಿಲ್ಲ. ಆದರೆ ಮುಪ್ಪಿನಂತೆ ತೋರುವ ಕೊರತೆಯನ್ನು ಗುರುತಿಸುವ ವಿದ್ಯೆ ನಮ್ಮ ಕೈಯಲ್ಲಿದೆ. ಅದಕ್ಕೆ ತಗಲುವ ವೆಚ್ಚವೂ ದೊಡ್ಡದಲ್ಲ. ಮನೆಯಲ್ಲಿರುವ ಹಿರಿಯರ ತಟ್ಟೆಯಲ್ಲಿ ಏನಿದೆ, ಅದರಲ್ಲಿ ಎಷ್ಟನ್ನು ಅವರು ನಿಜವಾಗಿ ಉಣ್ಣುತ್ತಾರೆ ಎಂಬುದನ್ನು ಈ ರಾತ್ರಿಯ ಊಟದ ಹೊತ್ತಿಗೆ ಪಕ್ಕದಲ್ಲಿ ಕುಳಿತು ಒಮ್ಮೆ ನೋಡಿ. ಕಾಲು ಜೋಮು ಹಿಡಿಯುತ್ತದೆಯೆ ಎಂದು ಕೇಳಿ. ಅವರಾಗಿ ಹೇಳುವವರೆಗೆ ಕಾಯಬೇಡಿ. ವಯಸ್ಸಾಯಿತೆಂದು ಅವರೂ ಸುಮ್ಮನಿರಬಹುದು.